ಭಾರತ ಬಿಟ್ಟು ಎಲ್ಲೆಡೆ ಸಿಗುವ ಚಿಕ್ಕಮ್ಮ

ನನ್ನ ದೊಡ್ಡಮ್ಮನ ಮಗ ಇಂಗ್ಲಿಷಿನಲ್ಲಿ ಬರೆದ ಪುಸ್ತಕವನ್ನು ಇಡೀ ಡೊಂಬಿವಲಿಯಲ್ಲಿ ಮೊದಲು ಓದಿದವಳು ನಾನು. ಇದು ಅವನಿಗೆ ಗೊತ್ತಿರಲಿಲ್ಲ. ಗೊತ್ತಾದ ದಿನ ಅವನ ಮುಖ ಹೇಗಾಯಿತು ಎಂದು ನೆನೆಸಿಕೊಂಡರೆ ಇವತ್ತಿಗೂ ನನಗೆ ಚಹಾ ಸ್ವಲ್ಪ ಹೆಚ್ಚೇ ರುಚಿಸುತ್ತದೆ. ಸೇಡು ತೀರಿಸಿದ ಮೇಲೆ ಮನಸ್ಸು ಭಾರವಾಗುತ್ತದೆ ಎಂದು ಹೇಳುವವರಿದ್ದಾರೆ. ಅವರು ಸರಿಯಾಗಿ ತೀರಿಸಿರಲಿಕ್ಕಿಲ್ಲ ಎಂದು ನನ್ನ ಅನುಮಾನ. ನನಗಂತೂ ಆ ದಿನ ಒಳ್ಳೆಯ ನಿದ್ದೆ ಬಂತು.

ಅವನು ನಮ್ಮ ಮನೆಗೆ ಬಂದದ್ದು ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ. ನವಿ ಮುಂಬೈಯ ಒಂದು ಕಾಲೇಜಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಲು ಉಡುಪಿಯಿಂದ ಟ್ರಂಕು ಹೊತ್ತು ಬಂದಿದ್ದ. ಅಪ್ಪ ಠಾಣೆಯ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. ನಮ್ಮದು ಡೊಂಬಿವಲಿ ಪೂರ್ವದಲ್ಲಿ ವನ್ ರೂಮ್ ಕಿಚನ್. ಅವನು ಬಂದ ದಿನವೇ ಮಲಗುವ ವ್ಯವಸ್ಥೆ ಬದಲಾಯಿತು. ಫ್ಯಾನಿನ ಕೆಳಗೆ ಅಪ್ಪ ಮತ್ತು ಅವನು. ಅಡುಗೆಮನೆಯಲ್ಲಿ, ಗ್ಯಾಸ್ ಸಿಲಿಂಡರಿನ ಪಕ್ಕ, ನಾನು ಮತ್ತು ಅಮ್ಮ. ಆ ಅಡುಗೆಮನೆಯ ನೆಲದ ಯಾವ ಟೈಲ್ಸ್ ಎಲ್ಲಿ ಒಡೆದಿದೆ ಎಂದು ನನ್ನ ಬೆನ್ನಿಗೆ ಗೊತ್ತು. ಇದನ್ನು ಈಗ ಯಾಕೆ ಹೇಳುತ್ತಿದ್ದೇನೆ ಎಂಬುದು ಮುಂದೆ ತಿಳಿಯುತ್ತದೆ.

ಅವನ ಕಾಲೇಜು ಬೆಳಗಿನದು. ಆಗ ಠಾಣೆಯಿಂದ ವಾಶಿ ಕಡೆಗೆ ಲೋಕಲ್ ರೈಲು ಶುರುವಾಗಿರಲಿಲ್ಲ. ಶಿಳ್ ಫಾಟಾ ದಾರಿಯ ಬಸ್ಸಿನಲ್ಲಿ ನೇತಾಡಿಕೊಂಡು ಅವನು ಮನೆ ಮುಟ್ಟುವಾಗ ಮಧ್ಯಾಹ್ನ ಮೂರಾಗುತ್ತಿತ್ತು. ಅಷ್ಟರಲ್ಲಿ ನಾನು ಶಾಲೆಯಿಂದ ಬಂದು ಉಂಡಾಗಿರುತ್ತಿತ್ತು. ಅಪ್ಪನ ಊಟ ಹೋಟೆಲಿನಲ್ಲೇ. ಅಮ್ಮ ಮಾತ್ರ ಕಾಯುತ್ತಿದ್ದಳು. ಪರರ ಮನೆಯಲ್ಲಿರುವ ಮಗು ಒಂಟಿಯಾಗಿ ಉಣ್ಣಬಾರದು ಎಂಬುದು ಅವಳ ಹಟ. ಗಡಿಯಾರ ನೋಡುತ್ತ, ಹೊಟ್ಟೆ ಒತ್ತಿಕೊಳ್ಳುತ್ತ, ಎರಡು ತಟ್ಟೆ ಎದುರುಬದುರು ಇಟ್ಟು ಕೂತಿರುತ್ತಿದ್ದಳು. ಅವನು ಬಂದ ಮೇಲೆ ಇಬ್ಬರೂ ಉಣ್ಣುತ್ತಿದ್ದರು. ಪಾತ್ರೆಯಲ್ಲಿ ಉಳಿದದ್ದರಲ್ಲಿ ದೊಡ್ಡ ಪಾಲು ಅವನಿಗೆ. ನಾನು ಮೂಲೆಯಲ್ಲಿ ಹೋಂವರ್ಕ್ ಮಾಡುತ್ತ ಇದನ್ನೆಲ್ಲ ನೋಡುತ್ತಿದ್ದೆ, ನನಗೆ ಎರಡನೇ ಹಪ್ಪಳ ಕೊಡದವಳು ಅವನಿಗೆ ಮೂರನೆಯದು ಕೊಡುತ್ತಿದ್ದಾಳೆ ಎಂದು ಹೊಟ್ಟೆ ಉರಿಸಿಕೊಳ್ಳುತ್ತಿದ್ದೆ.

ಓದು ಮುಗಿಸಿ ಅವನು ಇಂಗ್ಲೆಂಡಿಗೆ ಹೋದ. ಅಲ್ಲಿ ಅಡುಗೆಯವನಾದ, ಆಮೇಲೆ ಹೆಸರು ಮಾಡಿದ ಅಡುಗೆಯವನಾದ. ಮೊದಮೊದಲು ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದ. "ಚಿಕ್ಕಮ್ಮ, ಹಾಗಲಕಾಯಿ ಗೊಜ್ಜಿಗೆ ಬೆಲ್ಲ ಯಾವಾಗ ಹಾಕೂದು?" "ಚಿಕ್ಕಮ್ಮ, ಪತ್ರೊಡೆ ಹಿಟ್ಟು ಎಷ್ಟು ಗಟ್ಟಿ ಇರ್ಬೇಕು?" ಅಮ್ಮ ಫೋನನ್ನು ಭುಜಕ್ಕೂ ಕಿವಿಗೂ ಸಿಕ್ಕಿಸಿಕೊಂಡು ತೆಂಗಿನಕಾಯಿ ತುರಿಯುತ್ತಲೇ ಎಲ್ಲ ಹೇಳಿಕೊಡುತ್ತಿದ್ದಳು. ಕಲಿಯುವುದೆಲ್ಲ ಕಲಿತಾದ ಮೇಲೆ ಫೋನು ದೀಪಾವಳಿಗೊಂದು, ಯುಗಾದಿಗೊಂದು ಆಯಿತು. ಅಪ್ಪ ತೀರಿಕೊಂಡಾಗ ಒಂದು ಮೆಸೇಜು ಬಂತು.

ನಾನು ಡಿಗ್ರಿ ಮುಗಿಸಿ ಮಹಾಪೆಯ ಒಂದು ಆಫೀಸು ಸೇರಿದೆ. ಅವನು ಕಾಲೇಜಿಗೆ ಹೋಗುತ್ತಿದ್ದ ಅದೇ ರಸ್ತೆ, ಅದೇ ಗುಂಡಿಗಳು. ನಮ್ಮದು ಪುಸ್ತಕಗಳ ಕಾರ್ಖಾನೆ. ಬ್ರಿಟನ್, ಅಮೆರಿಕದ ಪ್ರಕಾಶಕರು ಛಾಪಿಸುವ ಪುಸ್ತಕದ ಪುಟಗಳನ್ನು ಕಳಿಸುತ್ತಾರೆ. ಅದನ್ನು ಫೋನಿನಲ್ಲಿ, ಟ್ಯಾಬ್ಲೆಟ್ಟಿನಲ್ಲಿ ಓದುವ ಇ-ಪುಸ್ತಕವಾಗಿ ಮಾಡಿ ಕೊಡುವುದು ನಮ್ಮ ಕೆಲಸ. ಲಂಡನ್ನಿನಲ್ಲಿ ಯಾವಳೋ ಮೆಟ್ರೋದಲ್ಲಿ ಕೂತು ಓದುವ ಪ್ರೇಮಕಥೆಯ ಪ್ಯಾರಾಗಳನ್ನು ಕಳವಾದಿಂದ, ಘಣಸೋಲಿಯಿಂದ ಬರುವ ಹುಡುಗಿಯರು ಸರಿಯಾಗಿ ಕೂರಿಸಿರುತ್ತಾರೆ. ನಾನು ಕ್ಯೂಸಿ ವಿಭಾಗ. ಅಂದರೆ ಪುಟವನ್ನು ಒಂದು ಕಡೆ, ಪರದೆಯನ್ನು ಇನ್ನೊಂದು ಕಡೆ ಇಟ್ಟುಕೊಂಡು ಸಾಲು ಸಾಲು ಒಪ್ಪಿಸಿ ನೋಡುವವಳು.

ಆ ಕೆಲಸಕ್ಕೆ ಒಂದು ಶಾಪವಿತ್ತು. ಒಮ್ಮೆ ನಾನು ತಪ್ಪು ಹುಡುಕುತ್ತಲೇ ಒಂದು ಕಾದಂಬರಿಗೆ ಮರುಳಾಗಿ, ಸ್ವಂತಕ್ಕೆ ಒಂದು ಪ್ರತಿ ಇರಲಿ ಎಂದು ಫೋನಿನಲ್ಲಿ ಕೊಳ್ಳಲು ಹೋದೆ. ಈ ಪುಸ್ತಕ ನಿಮ್ಮ ದೇಶದಲ್ಲಿ ಲಭ್ಯವಿಲ್ಲ ಎಂದು ಬಂತು. ನಾನು ತಿದ್ದಿದ ಪುಸ್ತಕ! ನನ್ನ ಬೆರಳು ಮುಟ್ಟದ ಒಂದು ಸಾಲೂ ಅದರಲ್ಲಿ ಇರಲಿಲ್ಲ. ರೇಗಿಹೋಯಿತು. ಪಕ್ಕದಲ್ಲಿ ಕೂರುತ್ತಿದ್ದ ಟೀಮ್ ಲೀಡರ್, ಕಲ್ಯಾಣದ ಮರಾಠಿ ಹೆಂಗಸು, ನಕ್ಕುಬಿಟ್ಟಳು. "ಅಗ, ಯೆ ರಿಕ್ಷಾ ಸ್ಟ್ಯಾಂಡ್ ಕಾ ಮಾಮ್ಲಾ ಹೈ," ಎಂದಳು. ಕಲ್ಯಾಣದ ರಿಕ್ಷಾದವನು ಡೊಂಬಿವಲಿಗೆ ಸವಾರಿಯನ್ನು, ಅಂದರೆ ಪ್ರಯಾಣಿಕರನ್ನು, ತಂದು ಇಳಿಸಬಹುದು, ಡೊಂಬಿವಲಿಯ ಸ್ಟ್ಯಾಂಡಿನಲ್ಲಿ ನಿಂತು ಸವಾರಿ ತುಂಬುವ ಹಾಗಿಲ್ಲ. ಪುಸ್ತಕವೂ ಹಾಗೆಯೇ, ಯಾವ ಪ್ರಕಾಶಕನಿಗೆ ಯಾವ ದೇಶದ ಹಕ್ಕು ಕೊಟ್ಟಿದ್ದಾರೋ ಅವನು ಅಲ್ಲಿ ಮಾತ್ರ ಮಾರಬೇಕು ಎಂದು ವಿವರಿಸಿದಳು. ಬೇರೆ ದೇಶದ ಹಕ್ಕು ಬೇರೆಯವನದು, ಇಲ್ಲವೇ ಇನ್ನೂ ಯಾರದೂ ಅಲ್ಲ. ಯಾರದೂ ಅಲ್ಲದಿದ್ದರೆ ಆ ದೇಶದವರು ಬಾಯಿ ಬಿಟ್ಟುಕೊಂಡು ಕೂರಬೇಕು. ತಯಾರಿಸುವವರು ನಾವು, ಬಾಯಿ ಬಿಟ್ಟುಕೊಂಡು ಕೂರುವವರೂ ನಾವು.

ಹೀಗಿರುವಾಗ ಒಂದು ಸೋಮವಾರ ನನ್ನ ಪಾಲಿಗೆ ಹೊಸ ಫೈಲು ಬಂತು. ಅಡುಗೆಯ ಪುಸ್ತಕ, ಅರ್ಧ ಬಾಲ್ಯದ ನೆನಪು, ಅರ್ಧ ಪಾಕವಿಧಾನ. ಬರೆದವನ ಹೆಸರು ನೋಡಿ ನನಗೆ ಖುಷಿಯಾಯಿತು ಎಂದರೆ ನೀವು ನಂಬಬೇಕು. ನಮ್ಮ ಅಣ್ಣ! ಎದ್ದುಹೋಗಿ ಎಲ್ಲರಿಗೂ ಹೇಳಬೇಕೆನ್ನಿಸಿತು. ಎರಡನೇ ಅಧ್ಯಾಯದಲ್ಲಿ ಡೊಂಬಿವಲಿ ಬಂತು, ಅದರ ಹಿಂದೆಯೇ ಚಿಕ್ಕಮ್ಮ ಬಂದಳು.

ಆ ಚಿಕ್ಕಮ್ಮ ಅವನಿಗೆ ಯಾವತ್ತೂ ಎಲ್ಲರ ಊಟ ಮುಗಿದ ಮೇಲೆ, ಕೊನೆಗೆ ಬಡಿಸುತ್ತಿದ್ದಳಂತೆ. ಮನೆಯವರು ಬಿಟ್ಟ ತಣ್ಣಗಿನ ಅನ್ನ, ಪಾತ್ರೆಯ ತಳದ ಸಾರು. ಉಪ್ಪಿನಕಾಯಿ ಇಟ್ಟ ಕಪಾಟಿಗೆ ಬೀಗ ಹಾಕಿ ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳಂತೆ. ಮನೆಯವರೆಲ್ಲ ಫ್ಯಾನಿನ ಕೆಳಗೆ ಮಲಗಿದರೆ ಅವನು ಅಡುಗೆಮನೆಯ ಒಡೆದ ಟೈಲ್ಸಿನ ಮೇಲೆ, ಸಿಲಿಂಡರಿನ ಪಕ್ಕ. ಹಸಿವು ತನ್ನ ಮೊದಲ ಗುರು ಎಂದು ಬರೆದಿದ್ದ. ಇಂಗ್ಲಿಷು ಚೆನ್ನಾಗಿತ್ತು. ಓದುವ ದೊರೆಸಾನಿಯರ ಕಣ್ಣಲ್ಲಿ ನೀರು ಬರುವ ಹಾಗಿತ್ತು.

ನನ್ನ ಕಣ್ಣಲ್ಲೂ ಬಂತು, ಬೇರೆ ಕಾರಣಕ್ಕೆ. ಆ ಟೈಲ್ಸು ನನ್ನದು. ಸಿಲಿಂಡರಿನ ಪಕ್ಕ ಮಲಗಿದ್ದ ಬೆನ್ನು ನನ್ನದು. ಅವನು ನನ್ನ ಕಷ್ಟವನ್ನೂ ಕದ್ದು ತನ್ನದು ಮಾಡಿಕೊಂಡಿದ್ದ. ಇನ್ನು ನಮ್ಮ ಕಪಾಟಿಗೆ ಬೀಗವೇ ಇರಲಿಲ್ಲ. ಬಾಗಿಲು ತೆರೆದುಕೊಳ್ಳದಿರಲಿ ಎಂದು ಅಮ್ಮ ಹಳೆಯ ಲಂಗದ ಲಾಡಿ ಕಟ್ಟುತ್ತಿದ್ದಳು. ಆದರೆ ನಾನು ಹಲ್ಲು ಕಚ್ಚಿದ್ದು ಪುಸ್ತಕದ ಹಿಂಭಾಗಕ್ಕೆ ಬಂದಾಗ. ಹಾಗಲಕಾಯಿ ಗೊಜ್ಜು, ಪತ್ರೊಡೆ, ಮಾವಿನಹಣ್ಣಿನ ಸಾಸಿವೆ, ಹುರುಳಿ ಸಾರು, ಅಮ್ಮ ಫೋನಿನಲ್ಲಿ ಹೇಳಿಕೊಟ್ಟದ್ದೆಲ್ಲ ಅಲ್ಲಿ ಸಾಲಾಗಿ ಕೂತಿದ್ದವು. ಇವನ್ನೆಲ್ಲ ಅವನಿಗೆ ಕಲಿಸಿದ್ದು ಬೆಟ್ಟದ ಮೇಲಿನ ಗುಡಿಸಲಲ್ಲಿದ್ದ ಒಬ್ಬ ಹಣ್ಣುಹಣ್ಣು ಅಜ್ಜಿಯಂತೆ. ಅಂಥ ಅಜ್ಜಿ ನಮ್ಮ ಕುಟುಂಬದಲ್ಲಿ ಇರಲಿಲ್ಲ, ಅವರ ಕುಟುಂಬದಲ್ಲೂ ಇರಲಿಲ್ಲ.

ಪುಸ್ತಕವನ್ನು ನಾನು ಸರಿಯಾಗಿಯೇ ತಿದ್ದಿ ಕಳಿಸಿದೆ. ಒಂದು ಅಲ್ಪವಿರಾಮವನ್ನೂ ಆಚೀಚೆ ಮಾಡಲಿಲ್ಲ. ಮಾಡಬಹುದಿತ್ತು, ಕೈ ತುರಿಸಿತ್ತು ಕೂಡ. ಆದರೆ ಅವನು ಬರೆದದ್ದು ಅವನು ಬರೆದ ಹಾಗೆಯೇ ಇರಲಿ, ಒಂದು ದಿನ ಅದೇ ನನ್ನ ಉಪಯೋಗಕ್ಕೆ ಬರುತ್ತದೆ ಎಂದು ಸುಮ್ಮನಾದೆ. ಯಾವ ದೇಶಗಳಲ್ಲಿ ಮಾರಬೇಕು ಎಂಬ ಸೂಚನೆಯೂ ಫೈಲಿನ ಜೊತೆ ಇರುತ್ತಿತ್ತು. ಬ್ರಿಟನ್, ಯುರೋಪು, ಆಸ್ಟ್ರೇಲಿಯಾ, ಕೊಲ್ಲಿಯ ದೇಶಗಳು ಎಲ್ಲ ಇದ್ದವು. ಭಾರತ ಇರಲಿಲ್ಲ. ಎಂದಿನ ಹಕ್ಕಿನ ತಕರಾರು ಎಂದುಕೊಂಡೆ.

ಪುಸ್ತಕ ಹೊರಬಂದಾಗ ಅವನೇ ಅಮ್ಮನಿಗೆ ಫೋನ್ ಮಾಡಿದ. "ಚಿಕ್ಕಮ್ಮ, ಬುಕ್ ಬಂತು. ನೀವೂ ಇದ್ದೀರಿ ಅದ್ರಲ್ಲಿ." ಅಷ್ಟೇ ಹೇಳಿದ್ದು. ಅಷ್ಟು ಸಾಕಾಯಿತು ಅವಳಿಗೆ. ಕೆಳಗಿನ ಕಿರಾಣಿಯವನಿಂದ ಹಿಡಿದು ಕನ್ನಡ ಸಂಘದ ಹೆಂಗಸರವರೆಗೆ ಎಲ್ಲರಿಗೂ ಹೇಳಿಕೊಂಡು ಬಂದಳು. ಎದುರು ಮನೆಯ ಮರಾಠಿ ಅಜ್ಜಿಗೆ ಪೇಢಾ ಕೊಟ್ಟಳು. ಸಂಜೆ ನನ್ನ ಮುಂದೆ ಕೂತು ಕೇಳಿದಳು: "ನಿನ್ನ ಮೊಬೈಲ್ನಲ್ಲಿ ಬರ್ತದಂತಲ್ಲ, ತೆಗಿ ನೋಡುವ. ನನ್ನ ಬಗ್ಗೆ ಎಂತ ಬರ್ದಿದ್ದಾನೆ, ಓದಿ ಹೇಳು."

ತೆಗೆದೆ. ನಿಮ್ಮ ದೇಶದಲ್ಲಿ ಲಭ್ಯವಿಲ್ಲ. ಆ ಸಾಲನ್ನು ಜೀವನದಲ್ಲಿ ಮೊದಲ ಸಲ ಸಂತೋಷದಿಂದ ಓದಿದೆ.

"ನಾನಿರೂದು ಇಲ್ಲಿ. ನಾನಿರುವ ಪುಸ್ತಕ ಇಲ್ಲಿ ಇಲ್ವಾ? ಇದೆಂಥ ನ್ಯಾಯ ಮಾರಾಯ್ತಿ?"

"ಹಕ್ಕು ಇಲ್ವಂತೆ ಅಮ್ಮ," ಎಂದೆ.

"ಯಾರಿಗೆ? ನಂಗಾ?"

ಫೋನನ್ನು ಬೋರಲು ಹಾಕಿ ಚಹಾ ಮಾಡಲು ಎದ್ದೆ. ಪ್ರತಿ ವಾರ ಕೇಳುತ್ತಿದ್ದಳು, ಬಂತಾ, ಬಂತಾ ಎಂದು. ಬರಲಿಲ್ಲ ಎನ್ನುತ್ತಿದ್ದೆ. ಹಾಗೆಯೇ ಕಳೆದುಹೋಗುತ್ತದೆ ಎಂದುಕೊಂಡಿದ್ದೆ. ಆದರೆ ನಮ್ಮ ಅಣ್ಣ ಒಂದು ತಪ್ಪು ಮಾಡಿದ್ದ. ಉಡುಪಿಯಲ್ಲಿ ಹುಟ್ಟಿದವನು ಮಾಡಬಾರದ ತಪ್ಪು. ಭಾರತದ ಬಾಗಿಲು ಮುಚ್ಚಿದವನು, ಅವನೇ ಮುಚ್ಚಿದ್ದೆಂದು ನನಗೆ ತಿಳಿದದ್ದು ಆಮೇಲೆ, ಮಸ್ಕತ್ತನ್ನು ಮರೆತಿದ್ದ. ನಮ್ಮ ಕಡೆಯವರಲ್ಲಿ ಮಸ್ಕತ್ತು, ದುಬೈ, ಬಹರೈನಿನಲ್ಲಿ ಒಬ್ಬರಾದರೂ ಇಲ್ಲದ ಮನೆ ಯಾವುದು? ಸಂಘದ ಮಹಿಳಾ ವಿಭಾಗದ ಅಧ್ಯಕ್ಷೆಯ ಸೊಸೆ ಮಸ್ಕತ್ತಿನಲ್ಲಿದ್ದಳು. ಊರ ಹುಡುಗ ಬರೆದ ಪುಸ್ತಕ ಎಂದು ಅವಳು ಅಲ್ಲಿ ಕೊಂಡು ಓದಿದಳು, ಓದಿ ಅತ್ತೆಗೆ ಹೇಳಿದಳು, ಅತ್ತೆ ಉಳಿದ ಎಲ್ಲರಿಗೆ ಹೇಳಿದಳು. ಅಮ್ಮನೊಬ್ಬಳಿಗೆ ಮಾತ್ರ ಯಾರೂ ಹೇಳಲಿಲ್ಲ.

ಸಂಘದ ವಾರ್ಷಿಕ ಸತ್ಯನಾರಾಯಣ ಪೂಜೆಯ ಅಡುಗೆಗೆ ಅಮ್ಮನೇ ಮುಂದಾಳು. ಎಷ್ಟೋ ವರ್ಷದಿಂದ ಹಾಗೆಯೇ ನಡೆದುಬಂದಿತ್ತು. ಆ ವರ್ಷ ಅವಳನ್ನು ಕರೆಯಲಿಲ್ಲ. ಫೋನ್ ಮಾಡಿ ಕೇಳಿದ್ದಕ್ಕೆ, "ನಿಮಗೆ ವಯಸ್ಸಾಯ್ತಲ್ಲ, ಯಾಕೆ ತೊಂದ್ರೆ," ಎಂದರಂತೆ. ಅಮ್ಮ ಪೂಜೆಗೆ ಹೋದಳು, ಅತಿಥಿಯ ಹಾಗೆ ಕುರ್ಚಿಯ ಮೇಲೆ ಕೂತು ಬಂದಳು. ಬಡಿಸಲು ಸೌಟು ಹಿಡಿದಾಗ ಯಾರೋ ನಯವಾಗಿ ಕೈಯಿಂದ ತೆಗೆದುಕೊಂಡರಂತೆ. ಮನೆಗೆ ಬಂದು ಸೀರೆ ಮಡಿಚುತ್ತ, "ನನ್ನ ಕೈಯಲ್ಲಿ ಎಂತಾದ್ರೂ ದೋಷ ಉಂಟಾ? ನಾನು ಬಡಿಸಿದ್ರೆ ಕಡ್ಮೆ ಆಗ್ತದಂತಾ?" ಎಂದಳು. ನನಗೆ ಅರ್ಥವಾಯಿತು. ಬೇರೆ ದೇಶದವರೆಲ್ಲ ಅವಳ ಬಗ್ಗೆ ಓದಬಹುದು. ಓದಿ ತಿರುಗಿ ಉತ್ತರ ಕೊಡಬೇಕಾದವಳಿಗೆ ಮಾತ್ರ ಅದು ಲಭ್ಯವಿಲ್ಲ. ಆ ಹೊತ್ತಿನಲ್ಲಿ ಅವನು ಕೈಗೆ ಸಿಕ್ಕಿದ್ದರೆ ನಾನು ಒರಳುಕಲ್ಲನ್ನೇ ಎತ್ತುತ್ತಿದ್ದೆ.

ಮುಂದಿನ ಚಳಿಗಾಲ ಅವನೇ ಬಂದ. ಕನ್ನಡ ಸಂಘ ಅವನಿಗೆ ಸನ್ಮಾನ ಇಟ್ಟುಕೊಂಡಿತ್ತು. ಮಸ್ಕತ್ತಿನ ಸುದ್ದಿ ಗೊತ್ತಿದ್ದೂ ಇಟ್ಟುಕೊಂಡಿತ್ತು. ಇಂಗ್ಲೆಂಡಿನಿಂದ ಬಂದವನಿಗೆ ಶಾಲು ಹೊದಿಸುವ ಯೋಗ ಬಿಡುವವರು ಯಾರು? ಅವನು ವಾಶಿಯ ದೊಡ್ಡ ಹೋಟೆಲಿನಲ್ಲಿ ಇಳಿದು, ಕಾರ್ಯಕ್ರಮದ ಎರಡು ದಿನ ಮೊದಲು ಸೌಜನ್ಯಕ್ಕೆ ನಮ್ಮ ಮನೆಗೆ ಬಂದ. ಅಮ್ಮ ಸ್ನಾನಕ್ಕೆ ಹೋಗಿದ್ದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು, "ಇನ್ನೂ ಅದೇ ಟೈಲ್ಸಾ?" ಎಂದು ನಕ್ಕ.

"ಬುಕ್ ಇಲ್ಲಿ ಯಾಕೆ ಸಿಗೂದಿಲ್ಲ ಅಣ್ಣ? ಅಮ್ಮ ದಿನಾ ಕೇಳ್ತಾಳೆ," ಎಂದೆ. ಪಬ್ಲಿಷರನ ಮೇಲೆ ಹಾಕುತ್ತಾನೆ ಎಂದುಕೊಂಡಿದ್ದೆ. ನಾನು ಮಹಾಪೆಯಲ್ಲಿ ಎಂತದೋ ಕಂಪ್ಯೂಟರಿನ ಮುಂದೆ ಕೂರುವವಳು ಎಂದಷ್ಟೇ ಅವನಿಗೆ ಗೊತ್ತು. ಹಾಗಾಗಿ ಧಾರಾಳವಾಗಿ ಹೇಳಿಬಿಟ್ಟ.

"ಇಂಡಿಯಾ ರೈಟ್ಸ್ ನಾನೇ ಕೊಡ್ಲಿಲ್ಲ. ಕೇಳಿದ್ರು, ಬೇಡ ಅಂದೆ. ಇಲ್ಲಿಯವ್ರಿಗೆ ಅದೆಲ್ಲ ಅರ್ಥ ಆಗೂದಿಲ್ಲ. ಸುಮ್ನೆ ಸೆಂಟಿಮೆಂಟ್ ಮಾಡ್ತಾರೆ. ಅಲ್ಲಿಯವ್ರಿಗೆ ಒಂದು ಸ್ಟೋರಿ ಬೇಕು, ಕೊಟ್ಟೆ. ಚಿಕ್ಕಮ್ಮಂಗೆ ಎಂತ ಗೊತ್ತಾಗ್ತದೆ ಬಿಡು."

ಅಮ್ಮ ಬಚ್ಚಲಿನಿಂದ ಬಂದು ಅವನ ತಲೆ ಸವರಿದಳು. ಬಿಸಿ ಬಿಸಿ ನೀರುದೋಸೆ ಹೊಯ್ದು ಹಾಕಿದಳು. ಅವನು ತಿಂದ, ಫೋಟೋ ತೆಗೆದುಕೊಂಡ, ಕಾರು ಹತ್ತಿದ. ನನಗೆ ಆ ಹೊತ್ತಿಗಾಗಲೇ ದಾರಿ ಕಂಡಿತ್ತು.

ದಾರಿ ತೋರಿಸಿದವರು ಸಂಘದ ಕಾರ್ಯದರ್ಶಿಗಳು. ವಿಜಯಪುರದ ಕಡೆಯವರು, ಕಟ್ಟಡದ ಗುತ್ತಿಗೆ ಮಾಡುತ್ತಾರೆ, ಮನಸ್ಸು ಒಳ್ಳೆಯದು, ದನಿ ದೊಡ್ಡದು. ನಮ್ಮಲ್ಲಿ ಬರೆದವನಿಗೆ ಸನ್ಮಾನ ಮಾಡಿದರೆ ಕೃತಿ ಪರಿಚಯ ಆಗಲೇಬೇಕು. ಮಾಡುವವರು ಕೃತಿ ಓದಿರಬೇಕೆಂದೇನೂ ಇಲ್ಲ. ಲೇಖಕನೇ ಎರಡು ಪುಟ ಬರೆದುಕೊಡುತ್ತಾನೆ, ಯಾರಾದರೂ ಮೈಕಿನ ಮುಂದೆ ಓದುತ್ತಾರೆ, ಚಪ್ಪಾಳೆ ಬೀಳುತ್ತದೆ. ಎಷ್ಟೋ ವರ್ಷದಿಂದ ಇದನ್ನು ನೋಡಿ ಬೇಜಾರಾಗಿದ್ದ ನನಗೆ ಆ ಪದ್ಧತಿಯ ಮೇಲೆ ಮೊದಲ ಸಲ ಪ್ರೀತಿ ಹುಟ್ಟಿತು.

"ಅಕ್ಕಾರ, ಪುಸ್ತಕ ನಾವು ಯಾರೂ ಓದಿಲ್ಲ, ಇಲ್ಲಿ ಸಿಗೂದ ಇಲ್ಲಂತ," ಎಂದಿದ್ದರು ಕಾರ್ಯದರ್ಶಿಗಳು, ಅವನು ಮನೆಗೆ ಬರುವ ಹಿಂದಿನ ದಿನ ಫೋನಿನಲ್ಲಿ. "ನೀವು ಅವರ ಮನಿಯವರ, ನೀವ ಪರಿಚಯ ಮಾಡಿಬಿಡ್ರಿ. ಅವರು ಎರಡು ಹಾಳಿ ಬರದು ಕೊಟ್ಟಾರ. ಓದಿದ್ರ ಆತು."

"ಆಗಲಿ," ಎಂದಿದ್ದೆ. ಅಷ್ಟು ವಿನಯದಿಂದ ನಾನು ಯಾರಿಗೂ ಯಾವತ್ತೂ ಒಪ್ಪಿಕೊಂಡವಳಲ್ಲ.

ಕಾರ್ಯಕ್ರಮದ ಹಿಂದಿನ ಸಂಜೆ ಅಮ್ಮನನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಸಭೆಯಲ್ಲಿ ಅವಳು ಇದನ್ನು ಮೊದಲ ಸಲ ಕೇಳಬಾರದು. ಬೀಗ, ಟೈಲ್ಸು, ತಣ್ಣಗಿನ ಅನ್ನ, ಬೆಟ್ಟದ ಅಜ್ಜಿ, ಮಸ್ಕತ್ತಿನ ಸೊಸೆ, ಕೈಯಿಂದ ಜಾರಿದ ಸೌಟು, ಕೊನೆಗೆ ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ್ದು, ನಾಳೆ ನಾನು ಮೈಕಿನಲ್ಲಿ ಹೇಳಹೊರಟದ್ದು. ಅಮ್ಮ ಬತ್ತಿ ಹೊಸೆಯುತ್ತಿದ್ದಳು. ಕೈ ನಿಂತಿತು. ಅಳುತ್ತಾಳೆ ಎಂದು ಹೆದರಿದೆ. ಅಳಲಿಲ್ಲ.

"ಅವನ ತಟ್ಟೆ ಮಾತ್ರ ಉಂಟಾ ಅದ್ರಲ್ಲಿ? ನನ್ನ ತಟ್ಟೆ ಇಲ್ವಾ?" ಎಂದು ಕೇಳಿದಳು.

"ಇಲ್ಲ ಅಮ್ಮ. ಒಂದೇ ತಟ್ಟೆ."

ಬತ್ತಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿ ಹೇಳಿದಳು: "ನೀನು ಮೈಕಿನಲ್ಲಿ ಎಂತ ಹೇಳ್ತಿ, ಹೇಳು. ಒಂದೂ ಸುಳ್ಳು ಸೇರಿಸ್ಬೇಡ. ಊಟದ ಹೊತ್ತು ನಂಗೆ ಬಿಡು." ಆಮೇಲೆ ಎದ್ದು, ರೇಷ್ಮೆ ಸೀರೆ ತೆಗೆದು ಇಸ್ತ್ರಿ ಹಾಕತೊಡಗಿದಳು.

ಸಭೆ ತುಂಬಿತ್ತು. ವೇದಿಕೆಯ ಮೇಲೆ ಅವನು, ಅಧ್ಯಕ್ಷರು, ಕಾರ್ಯದರ್ಶಿಗಳು. ಮೊದಲ ಸಾಲಿನಲ್ಲಿ ಅಮ್ಮ. ಸಾಕಿದ ಚಿಕ್ಕಮ್ಮನಿಂದಲೇ ಫಲಪುಷ್ಪ ಕೊಡಿಸುವುದೆಂದು ಸಂಘದವರೇ ಏರ್ಪಾಡು ಮಾಡಿದ್ದರು. ಎರಡನೇ ಸಾಲಿನಲ್ಲಿ ಸೌಟು ಕಸಿದುಕೊಂಡ ಹೆಂಗಸರು. ನನ್ನ ಹೆಸರು ಕರೆದಾಗ ನಾನು ಅವನು ಕೊಟ್ಟ ಎರಡು ಹಾಳೆಗಳನ್ನು ಮಡಿಚಿ, ಅವನು ನೋಡುವ ಹಾಗೆಯೇ, ಪರ್ಸಿನೊಳಗೆ ಇಟ್ಟೆ.

"ಈ ಕೃತಿಯನ್ನು ನಾನು ಪೂರ್ತಿ ಓದಿದ್ದೇನೆ," ಎಂದು ಶುರುಮಾಡಿದೆ. ಅವನ ನಗು ಅಲ್ಲೇ ಸ್ವಲ್ಪ ಓರೆಯಾಯಿತು.

ಕ್ಯೂಸಿ ಮಾಡಿದವಳಿಗೆ ಪುಸ್ತಕ ಬಾಯಿಪಾಠ ಇರುತ್ತದೆ. ಎರಡನೇ ಅಧ್ಯಾಯವನ್ನು ಸಾಲು ಬಿಡದೆ ಕನ್ನಡದಲ್ಲಿ ಹೇಳಿದೆ. ದನಿ ಏರಿಸಲಿಲ್ಲ. ಲೇಖಕರು ಬರೆಯುತ್ತಾರೆ, ಕಪಾಟಿಗೆ ಬೀಗವಿತ್ತು. ನಮ್ಮ ಮನೆಗೆ ಬಂದವರು ಈ ಸಭೆಯಲ್ಲಿ ಬಹಳ ಜನ ಇದ್ದೀರಿ, ಆ ಕಪಾಟು ಈಗಲೂ ಇದೆ, ಲಾಡಿಯೂ ಇದೆ. ಲೇಖಕರು ಬರೆಯುತ್ತಾರೆ, ಅಡುಗೆಮನೆಯ ನೆಲದಲ್ಲಿ ಮಲಗಿದ್ದೆ. ಆ ನೆಲ ನನ್ನದು, ದಯವಿಟ್ಟು ವಾಪಸು ಕೊಡಬೇಕು. ಯಾರೋ ಹಿಂದೆ ಕಿಸಕ್ಕನೆ ನಕ್ಕರು. ಲೇಖಕರು ಬರೆಯುತ್ತಾರೆ, ಮನೆಯವರೆಲ್ಲ ಉಂಡ ಮೇಲೆ ನನಗೆ ಬಡಿಸುತ್ತಿದ್ದರು. ಇದು ಮಾತ್ರ ನಿಜ. ಅವರ ಎದುರಿಗೆ ಇನ್ನೊಂದು ತಟ್ಟೆ ಇರುತ್ತಿತ್ತು, ಅಲ್ಲಿ ನಮ್ಮಮ್ಮ ಅಷ್ಟು ಹೊತ್ತು ಉಪವಾಸ ಕೂತಿರುತ್ತಿದ್ದಳು. ಆ ತಟ್ಟೆ ಪುಸ್ತಕದಲ್ಲಿ ಇಲ್ಲ.

ಕಾರ್ಯದರ್ಶಿಗಳು ಗಡಿಯಾರ ನೋಡಿ, "ಅಕ್ಕಾರ, ಟೈಮ್..." ಎಂದರು.

"ಕೃತಿ ದೊಡ್ಡದಿದೆ ಸರ್, ಇನ್ನು ಅಡುಗೆಯ ಭಾಗ ಒಂದೇ ಬಾಕಿ," ಎಂದೆ. ಹುರುಳಿ ಸಾರಿನ ವಿಧಾನ ಓದಿದಂತೆ ಹೇಳಿದೆ: ಹುರುಳಿ ಬೇಯಿಸಿ, ಬಸಿದು, ಒಗ್ಗರಣೆ ಕೊಟ್ಟು, ಕೊನೆಗೆ ಒಂದು ಚಮಚ ಗೋಡಾ ಮಸಾಲೆ. ಮುಂದೆ ಹೇಳಬೇಕಾಗಲಿಲ್ಲ. ಎರಡನೇ ಸಾಲಿನ ಹೆಂಗಸರೇ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉಡುಪಿಯ ಬೆಟ್ಟದ ಅಜ್ಜಿಯ ಗುಡಿಸಲಿಗೆ ಮರಾಠಿ ಮನೆಯ ಗೋಡಾ ಮಸಾಲೆ ಎಲ್ಲಿಂದ ಬಂತು? ಅದು ಬಂದದ್ದು ನಮ್ಮ ಎದುರು ಮನೆಯ ಅಜ್ಜಿಯ ಡಬ್ಬಿಯಿಂದ. ಹುರುಳಿ ಸಾರಿಗೆ ಅದನ್ನು ಹಾಕುವವಳು ಇಡೀ ಡೊಂಬಿವಲಿಯಲ್ಲಿ ಒಬ್ಬಳೇ. ಅವಳ ಕೈಯಿಂದ ಆ ಸಾರನ್ನು ಆ ಹೆಂಗಸರೆಲ್ಲ ಎಷ್ಟು ಪೂಜೆಗಳಲ್ಲಿ ಸುರಿದುಕೊಂಡು ಉಂಡಿದ್ದರು. ಮಹಿಳಾ ವಿಭಾಗದ ಅಧ್ಯಕ್ಷೆ ತಲೆ ತಗ್ಗಿಸಿ ಬಳೆ ತಿರುಗಿಸತೊಡಗಿದಳು.

"ಪುಸ್ತಕ ಭಾರತದಲ್ಲಿ ಸಿಗುವುದಿಲ್ಲ," ಎಂದು ಮುಗಿಸಿದೆ. "ಇಲ್ಲಿಯವರಿಗೆ ಅರ್ಥವಾಗುವುದಿಲ್ಲ ಎಂದು ಲೇಖಕರೇ ಇಲ್ಲಿಯ ಹಕ್ಕು ಕೊಟ್ಟಿಲ್ಲ. ಅರ್ಥವಾಯಿತೋ ಇಲ್ಲವೋ ನೀವೇ ಹೇಳಿ."

ಚಪ್ಪಾಳೆ ಬೀಳಲಿಲ್ಲ. ನನಗೆ ಬೇಕಾಗಿದ್ದದ್ದೂ ಅದಲ್ಲ. ನನ್ನ ಕುರ್ಚಿಗೆ ಹೋಗುವಾಗ ಅವನು ತುಟಿ ಅಲುಗಿಸದೆ ಕೇಳಿದ: "ನಿಂಗೆ ಎಲ್ಲಿ ಸಿಕ್ತು?"

"ಮಹಾಪೆಯಲ್ಲಿ," ಎಂದೆ. "ನಿನ್ನ ಪುಸ್ತಕ ಹುಟ್ಟಿದ್ದೇ ಅಲ್ಲಿ. ಎತ್ತಿಕೊಂಡವಳು ನಾನು." ನೆನೆಸಿಕೊಂಡರೆ ಚಹಾ ಹೆಚ್ಚು ರುಚಿಸುವ ಮುಖ ಎಂದೆನಲ್ಲ, ಅದು ಇದೇ.

ಅವನೂ ನಾಲ್ಕು ಮಾತಾಡಿದ. ಸಾಹಿತ್ಯ, ಸ್ವಾತಂತ್ರ್ಯ, ಕಲ್ಪನೆ ಎಂದೇನೋ ಹೇಳಿದ, ಅರ್ಧದಲ್ಲಿ ನೀರು ಕುಡಿದ. ಅಮ್ಮ ಫಲಪುಷ್ಪ ಕೊಟ್ಟಳು, ನಗಲಿಲ್ಲ, ಮುಖ ತಿರುಗಿಸಲೂ ಇಲ್ಲ. ಕೊಟ್ಟವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದಿನ ಅಡುಗೆಮನೆಯ ಕಡೆ ನಡೆದಳು. ಈ ಸಲ ಯಾರೂ ತಡೆಯಲಿಲ್ಲ. ಅಧ್ಯಕ್ಷೆಯೇ ಸೌಟು ತಂದು ಅವಳ ಕೈಗೆ ಕೊಟ್ಟಳು.

ಮೊದಲ ಪಂಕ್ತಿಗೆ ಎಲೆ ಹಾಕಿದರು. ಮುಖ್ಯ ಅತಿಥಿಗೆ ಮೊದಲ ಪಂಕ್ತಿಯ ಮೊದಲ ಎಲೆ, ಎಂದಿನಂತೆ. ಅವನು ಕೂರಲು ಬಗ್ಗಿದಾಗ ಅಮ್ಮ ಆ ತುದಿಯಿಂದ ಈ ತುದಿಗೆ ಕೇಳುವ ಹಾಗೆ ಹೇಳಿದಳು:

"ಅವನಿಗೆ ಈಗ ಬಡಿಸ್ಬೇಡಿ. ಅವನು ನನ್ನ ಒಟ್ಟಿಗೆ ಕೂರುವವ. ಯಾವಾಗ್ಲೂ ಹಾಗೇ."

ಅವನು ನೆಟ್ಟಗಾದ. ಎಲ್ಲರೂ ನೋಡುತ್ತಿದ್ದರು. ಹೊರಗೆ ಹೋಗುವ ಹಾಗಿರಲಿಲ್ಲ, ಕೂರುವ ಹಾಗೂ ಇರಲಿಲ್ಲ. ಮೊದಲ ಪಂಕ್ತಿ ಉಂಡು ಎದ್ದಿತು. ಎರಡನೆಯದು ಕೂತಿತು, ಎದ್ದಿತು. ಅಷ್ಟು ಹೊತ್ತೂ ಅವನು ಶಾಲು, ಹಣ್ಣಿನ ಬುಟ್ಟಿ ಹಿಡಿದುಕೊಂಡು ಗೋಡೆಯ ಬಳಿ ನಿಂತಿದ್ದ. ಅಮ್ಮ ಬಡಿಸುತ್ತಲೇ ಇದ್ದಳು. ಬೆಳಗಿನಿಂದ ಅವಳು ಒಂದು ಲೋಟ ಕಾಫಿ ಬಿಟ್ಟು ಏನೂ ತೆಗೆದುಕೊಂಡಿರಲಿಲ್ಲ, ಅದು ನನಗೆ ಗೊತ್ತಿತ್ತು. ಉಂಡವರೂ ಕೈ ತೊಳೆದು ಮನೆಗೆ ಹೋಗಲಿಲ್ಲ. ಲೋಕಲ್ ತಪ್ಪಿಸಿಕೊಂಡು ನಿಂತರು.

ಎಲ್ಲ ಮುಗಿದ ಮೇಲೆ ಅಮ್ಮ ಎರಡು ಎಲೆ ಎದುರುಬದುರು ಹಾಕಿದಳು. "ಬಾ," ಎಂದಳು. ಅವನು ಬಂದು ಕೂತ. ಪಾತ್ರೆಗಳ ತಳ ಕೆರೆದು ಅನ್ನ ತಂದಳು, ಹುರುಳಿ ಸಾರು ತಂದಳು. ಅವನ ಎಲೆಗೆ ದೊಡ್ಡ ಪಾಲು, ತನ್ನ ಎಲೆಗೆ ಎರಡು ತುತ್ತಾಗುವಷ್ಟು. ಇದ್ದ ಒಂದೇ ಹಪ್ಪಳ ಅವನಿಗೆ. ಆಮೇಲೆ ಮೊಣಕಾಲಿಗೆ ಕೈ ಊರಿ ಎದುರಿಗೆ ಕೂತಳು.

"ತಣ್ಣಗಾಗಿದೆ," ಎಂದಳು. "ನನ್ನದೂ ತಣ್ಣಗೇ."

ಅವನು ಅವಳ ಎಲೆ ನೋಡಿದ, ತನ್ನ ಎಲೆ ನೋಡಿದ.

"ಚಿಕ್ಕಮ್ಮ, ನಂಗೆ ಗೊತ್ತಿರ್ಲಿಲ್ಲ..."

"ಗೊತ್ತಿರ್ಲಿಲ್ಲ ಅಂತ ಮಾತ್ರ ಹೇಳ್ಬೇಡ," ಎಂದಳು ಅಮ್ಮ. "ನಿನ್ನ ಎದುರೇ ಕೂತು ಉಣ್ತಿದ್ದೆ. ಉಣ್ಣು ಈಗ."

ಅವನು ಉಂಡ. ತುತ್ತಿಗೊಮ್ಮೆ ನೀರು ಕುಡಿದು ಉಂಡ. ಅಮ್ಮ ತನ್ನ ಎರಡು ತುತ್ತು ಮುಗಿಸಿ, ಕೈ ಎಲೆಯ ಮೇಲೇ ಇಟ್ಟುಕೊಂಡು, ಅವನದು ಮುಗಿಯುವವರೆಗೆ ಏಳದೆ ಕೂತಿದ್ದಳು. ಒಂದು ಅಗುಳು ಬಿಡಲೂ ಅವಳು ಅವನನ್ನು ಬಿಡಲಿಲ್ಲ.